ಎದುರು ನೀರಿನ ಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದರ ಜಾತಕ ಹೇಳಬಲ್ಲವರು ಇಬ್ಬರೇ. ಒಬ್ಬರು ನಮ್ಮಪ್ಪ ಗಂಗಣ್ಣ, ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಇನ್ನೊಬ್ಬ ನಾನು, ಅರಳಗುಪ್ಪೆಯ ಕಾಂತೇಶ. ನಿಜ ಹೇಳಬೇಕೆಂದರೆ ನನಗೆ ಅಲ್ಲಾಡಿಸುವುದೂ ಬೇಕಿಲ್ಲ. ಮೂವತ್ತು ಅಡಿ ದೂರದಲ್ಲಿ ಬಿದ್ದಿರುವ ಕಾಯಿಯನ್ನು ನೋಡಿದರೆ ಸಾಕು, ಅದು ಎಂಥ ಮರದ್ದು, ಅಟ್ಟದ ಮೇಲೆ ಎಷ್ಟು ತಿಂಗಳು ಕೂತಿತ್ತು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಅದರ ಯಜಮಾನ ಹೆಂಡತಿಗೆ ಹೆದರುತ್ತಾನೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತೇನೆ. ನಮ್ಮದು ತೊಂಬತ್ತು ಮರದ ತೋಟ. ಹೊರಗಿನವರಿಗೆ ನಾನೂರು ಎನ್ನುತ್ತೇನೆ. ಅದು ಸುಳ್ಳಲ್ಲ. ನಮ್ಮ ಒಂದೊಂದು ಮರವೂ ಬೇರೆಯವರ ನಾಲ್ಕೂವರೆ ಮರಕ್ಕೆ ಸಮ.

ಇಂಥ ನನ್ನ ಮಾತನ್ನು ನನ್ನ ಮಗಳೇ ನಂಬುವುದನ್ನು ಬಿಟ್ಟಳು. ಅದಕ್ಕೆ ಕಾರಣ ಒಂದು ನೀರುನಾಯಿ.

ನಮ್ಮವ್ವ ಚಿಕ್ಕಗಂಗಮ್ಮನ ತವರು ತುರುವೇಕೆರೆಯ ಆಚೆ, ಶಿಂಷಾ ಹೊಳೆಯ ದಂಡೆಯ ಮೇಲಿನ ಊರು. ನನಗೆ ಒಂಬತ್ತು ವರ್ಷವಿದ್ದಾಗ ದಸರಾ ರಜೆಗೆ ಅಲ್ಲಿಗೆ ಹೋಗಿದ್ದೆವು. ಅಪ್ಪನ ಜೊತೆ ಮೀನು ಹಿಡಿಯಲು ಹೊಳೆಗಿಳಿದಾಗ ನಾನು ನೀರುನಾಯಿ ನೋಡಿದೆ. ಇದು ದೇವರಾಣೆಗೂ ನಿಜ. ಆದರೆ ನಿಜವನ್ನು ಬರಿಮೈಯಲ್ಲಿ ಬೀದಿಗೆ ಕಳಿಸುವುದು ನನ್ನ ಜಾಯಮಾನವಲ್ಲ. ಅದಕ್ಕೊಂದು ಅಂಗಿ, ಒಂದು ಪಂಚೆ, ಮೇಲೊಂದು ಜರಿಯ ಪೇಟ ತೊಡಿಸದಿದ್ದರೆ ನನಗೆ ಸಮಾಧಾನವಿಲ್ಲ. ಹೈಸ್ಕೂಲು ಮುಗಿಸುವ ಹೊತ್ತಿಗೆ ನೀರುನಾಯಿ ಎರಡಾಯಿತು. ನನ್ನ ಮದುವೆಯ ಹೊತ್ತಿಗೆ ಐದಾಯಿತು. ಮಗಳು ತನುಶ್ರೀ ಹುಟ್ಟಿ ಕಥೆ ಕೇಳುವಷ್ಟು ದೊಡ್ಡವಳಾದಾಗ ಹದಿನಾಲ್ಕಾಗಿತ್ತು. ಅವುಗಳಲ್ಲಿ ಹಿರಿಯದು ಅಪ್ಪನ ಬುಟ್ಟಿಯಿಂದ ಮೀನು ತೆಗೆದು, ಎರಡು ತುಂಡು ಮಾಡಿ, ಅರ್ಧ ನನ್ನ ಕೈಗೆ ಕೊಟ್ಟು ಹೋಗುತ್ತಿತ್ತು.

ತನುಶ್ರೀ ಈಗ ಐದನೇ ತರಗತಿ. ಸಂಜೆ ನಾನು ಕಾಯಿ ಆರಿಸುತ್ತ ಕೂತರೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಪ್ರತಿ ಮಾತಿಗೂ "ಆಮೇಲೆ?" ಎನ್ನುವವಳು. ಆ "ಆಮೇಲೆ" ಒಂದಿದ್ದರೆ ನಾನು ಸಾವಿರ ಕಾಯಿ ಆರಿಸುತ್ತಿದ್ದೆ, ಬೆನ್ನು ನೋಯುತ್ತಿರಲಿಲ್ಲ. ಹೀಗಿರುವಾಗ ಶಾಲೆಯಲ್ಲಿ ಕಾಡುಪ್ರಾಣಿಗಳ ಪಾಠ ಬಂತು. ಇವಳು ಎದ್ದುನಿಂತು ಹದಿನಾಲ್ಕನ್ನೂ, ಅರ್ಧ ಮೀನನ್ನೂ ಹೇಳಿದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ಬಾಯಿಗೆ ಕರವಸ್ತ್ರ ಹಿಡಿದರಂತೆ.

ಆ ದಿನ ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ನನ್ನ ಮುಂದೆ ನಿಂತಳು.

"ಅಪ್ಪಾ, ನಿಜ ಹೇಳು. ಎಷ್ಟಿದ್ವು?"

ಒಂದು ಎನ್ನಬೇಕಿತ್ತು. ಮನಸ್ಸು ಒಂದು ಎಂದಿತು. ಬಾಯಿ ಹೇಳಿದ್ದು ಬೇರೆ.

"ಹದಿನಾಲ್ಕು ಕಣವ್ವ. ಹದಿನೈದಿತ್ತೇನೋ. ಒಂದು ಬಂಡೆ ಹಿಂದೆ ಇತ್ತು, ಸರಿಯಾಗಿ ಕಾಣ್ಲಿಲ್ಲ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಒಳಗೆ ಹೋಗಿ ಅಜ್ಜಿಗೆ, "ಅಪ್ಪ ಹತ್ತು ಅಂದ್ರೆ ಎರಡು ಅಂದ್ಕೋಬೇಕು ಅಲ್ವಾ ಅಜ್ಜಿ," ಎಂದಳು. ಅಷ್ಟೇ. ಅವತ್ತಿನಿಂದ ಅವಳು ನನ್ನ ಮಾತನ್ನೆಲ್ಲ ಭಾಗಿಸುವುದಕ್ಕೆ ಶುರುಮಾಡಿದಳು. ಕಾಯಿರಾಶಿಯ ಪಕ್ಕ ಬರುವುದನ್ನೂ ಬಿಟ್ಟಳು. ಮೂರು ವಾರ ನಮ್ಮ ಮನೆಯಲ್ಲಿ "ಆಮೇಲೆ" ಎಂಬ ಮಾತು ಕೇಳಿಸಲಿಲ್ಲ. ನಾನು ಕಾಯಿ ಆರಿಸುವಾಗ ಒಳ್ಳೆಯದನ್ನು ಕೆಟ್ಟದರ ಕಡೆಗೆ, ಕೆಟ್ಟದ್ದನ್ನು ಒಳ್ಳೆಯದರ ಕಡೆಗೆ ಎಸೆಯತೊಡಗಿದೆ. ಕೂತರೆ ಎದ್ದೇಳಬೇಕು, ಎದ್ದರೆ ಕೂರಬೇಕು, ಹಾಗಾಯಿತು.

ಅಷ್ಟರಲ್ಲಿ ಅವ್ವನ ತವರಿನ ಪಕ್ಕದಲ್ಲೇ ಹೊಳೆದಂಡೆಯಲ್ಲಿ ಒಂದು ಪ್ರಕೃತಿ ಕೇಂದ್ರ ಮಾಡಿದ್ದಾರೆ, ಸುತ್ತಲಿನ ಕಾಡನ್ನು ಬೇಲಿ ಹಾಕಿ ಕಾಪಾಡಿದ್ದಾರೆ, ಅಲ್ಲಿ ಹಕ್ಕಿ, ಆಮೆ, ನೀರುನಾಯಿ ಎಲ್ಲ ಇವೆ ಎಂದು ಯಾರೋ ಹೇಳಿದರು. ಕೇಳಿದ ಕ್ಷಣದಲ್ಲೇ ಮಗಳ ಮುಂದೆ ಹೋಗಿ ನಿಂತೆ.

"ಭಾನುವಾರ ಹೋಗಾನ. ನೀರುನಾಯಿ ತೋರಿಸ್ಲಿಲ್ಲ ಅಂದ್ರೆ ನಾನು ನಿಮ್ಮಪ್ಪನೇ ಅಲ್ಲ."

"ಎಷ್ಟು ತೋರಿಸ್ತೀಯ?" ಎಂದಳು.

ಆ ಪ್ರಶ್ನೆಗೆ ನಾನು ಬಾಯಿ ಬಿಡಲಿಲ್ಲ. ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಭಾನುವಾರ ಹೊರಟಾಗ ನಮ್ಮ ಹಳೇ ವ್ಯಾನಿನಲ್ಲಿ ಐದು ಜನ. ನಾನು, ಅವ್ವ, ಹೆಂಡತಿ ಧನಲಕ್ಷ್ಮಿ, ತನುಶ್ರೀ, ಜೊತೆಗೆ ಕೆಂಕೆರೆಯಿಂದ ಬಂದ ನನ್ನ ಹೆಂಡತಿಯ ತಮ್ಮ ತಿಮ್ಮೇಶ. ಇವನಿಗೆ ಹುಳಿಯಾರಿನಲ್ಲಿ ಮೊಬೈಲ್ ಅಂಗಡಿ. ಇವನನ್ನು ಯಾರೂ ಕರೆದಿರಲಿಲ್ಲ. ನಾನು ಸೋಲುವುದನ್ನು ನೋಡಲೆಂದೇ ಅಂಗಡಿ ಬಾಗಿಲು ಹಾಕಿ ಬಂದಿದ್ದ.

"ಭಾವ, ಹದಿನಾಲ್ಕೂ ಒಟ್ಟಿಗೆ ಬಂದ್ರೆ ವ್ಯಾನಲ್ಲಿ ಜಾಗ ಸಾಕಾಗ್ತದಾ?" ಎಂದ ಹಿಂದಿನ ಸೀಟಿನಿಂದ.

"ನಿನ್ನ ಇಳಿಸಿದ್ರೆ ಸಾಕಾಗ್ತದೆ ಬುಡು," ಎಂದೆ.

ಧನಲಕ್ಷ್ಮಿ ತಮ್ಮನ ಕಡೆಗೆ ನಕ್ಕಳು, ನನ್ನ ಕಡೆಗೆ, "ರೀ, ರೋಡ್ ನೋಡ್ಕೊಂಡು ಓಡಿಸ್ರಿ," ಎಂದಳು. ತನುಶ್ರೀ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳು ನಗಲಿಲ್ಲ. ನಾನು ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತ ಹೋಗಿ ತುರುವೇಕೆರೆಯ ತಿರುವಿನಲ್ಲಿ ಒಂದು ಎಮ್ಮೆಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಎಮ್ಮೆಗಿಂತ ಹೆಚ್ಚು ಬೆದರಿದವನು ತಿಮ್ಮೇಶ.

ಕೇಂದ್ರದ ಗೇಟಿನಲ್ಲಿ ಹಸಿರು ಅಂಗಿಯ ಕಾವಲುಗಾರ ಕಲ್ಲೇಶ್ ನಿಂತಿದ್ದ. ಇಪ್ಪತ್ತೈದರ ಆಸುಪಾಸಿನ ಹುಡುಗ, ಮಾತು ಕಡಿಮೆ, ಕಣ್ಣು ಚುರುಕು. ಮೊದಲಿಗೆ ಎಲ್ಲರ ಫೋನನ್ನೂ ಪೆಟ್ಟಿಗೆಯಲ್ಲಿ ಇಡಿಸಿಕೊಂಡ. ಬಂದವರೆಲ್ಲ ಕುಣಿದು ವೀಡಿಯೋ ಮಾಡಿ ಹಕ್ಕಿಗಳನ್ನು ಓಡಿಸಿದ್ದಾರಂತೆ. ತಿಮ್ಮೇಶನ ಮುಖ ಹೆತ್ತ ಮಗುವನ್ನು ಅನಾಥಾಶ್ರಮಕ್ಕೆ ಬಿಟ್ಟು ಬಂದವನಂತಾಯಿತು. ಆಮೇಲೆ ಅವ್ವನ ಚೀಲದ ಸರದಿ. ಚಿತ್ರಾನ್ನದ ಡಬ್ಬಿ, ಕೋಡುಬಳೆ, ಅರಿಶಿನ ಕುಂಕುಮ, ಆರು ಹಸಿರು ಬಳೆ, ಸುಲಿದು ಜುಟ್ಟು ಬಿಟ್ಟ ಒಂದು ಕಾಯಿ.

"ಅಜ್ಜಿ, ಹೊಳೆಗೆ ಏನೂ ಹಾಕಂಗಿಲ್ಲ," ಎಂದ ಕಲ್ಲೇಶ್.

"ಗಂಗಮ್ಮನ ಬಾಗಿಲಿಗೆ ಬರಿಗೈಲಿ ಹೋಗೋದೇನಪ್ಪಾ? ಇದು ನನ್ನ ತವರು ಕಣಪ್ಪ. ನಾನು ಈ ಹೊಳೇಲಿ ಈಜು ಕಲಿಯೋವಾಗ ನಿಮ್ಮಪ್ಪ ಹುಟ್ಟಿರ್ಲಿಲ್ಲ."

"ಹೋಗುವಾಗ ಗೇಟಿನಾಚೆ ಕಲ್ಲಿನ ಮೇಲೆ ಒಡೀರಿ. ಅಲ್ಲಿಂದ್ಲೂ ಗಂಗಮ್ಮನಿಗೆ ಕಾಣ್ತದೆ."

ಅವ್ವ ಚೀಲವನ್ನು ಎದೆಗೆ ಅವುಚಿಕೊಂಡು ಒಳಗೆ ನಡೆದಳು. ಕಾಯಿಯನ್ನು ಕದ್ದು ನೀರಿಗೆ ಬಿಡುವ ಹುನ್ನಾರ ಅವಳ ನಡಿಗೆಯಲ್ಲೇ ಇತ್ತು. ನಾನು ನೋಡಿದೆ, ತಿಮ್ಮೇಶನೂ ನೋಡಿದ.

ಒಳಗೊಂದು ಹೆಂಚಿನ ಕೊಠಡಿ. ಗೋಡೆಯ ಮೇಲೆ ಹಕ್ಕಿಗಳ ಚಿತ್ರ, ಗಾಜಿನ ಜಾಡಿಯಲ್ಲಿ ಹಾವಿನ ಪೊರೆ, ಒಂದು ಮೇಜಿನ ಮೇಲೆ ಸುಣ್ಣದಲ್ಲಿ ಅಚ್ಚುಹಾಕಿದ ನೀರುನಾಯಿಯ ಹೆಜ್ಜೆ. ನಾನು ಆ ಹೆಜ್ಜೆಯ ಮೇಲೆ ಅಂಗೈ ಇಟ್ಟು, "ಇದು ಮರಿ. ನಾನು ನೋಡಿದ್ದರ ಕಾಲು ಇದರ ಮೂರರಷ್ಟಿತ್ತು," ಎನ್ನುತ್ತಿರುವಾಗಲೇ ತನುಶ್ರೀ ಆಚೆ ಸರಿದು ಕಪ್ಪು ಹಲಗೆಯ ಮುಂದೆ ನಿಂತಳು. "ಈ ತಿಂಗಳು ಕಂಡವು" ಎಂದು ಸೀಮೆಸುಣ್ಣದಲ್ಲಿ ಪಟ್ಟಿ ಬರೆದಿತ್ತು. ಮಿಂಚುಳ್ಳಿ ಹನ್ನೊಂದು, ಆಮೆ ನಾಲ್ಕು, ನೀರುಕಾಗೆ ಲೆಕ್ಕವಿಲ್ಲದಷ್ಟು. ಕೊನೆಯ ಸಾಲಿನಲ್ಲಿ ನೀರುನಾಯಿ, ಅದರ ಮುಂದೆ ಸೊನ್ನೆ.

"ಅಣ್ಣಾ, ಇಲ್ಲಿ ಯಾರು ನೋಡಿದ್ರೂ ಬರೀತೀರಾ?" ಎಂದು ಕಲ್ಲೇಶನನ್ನು ಕೇಳಿದಳು.

"ಒಬ್ಬರು ನೋಡಿದ್ರೆ ಬರಿಯಲ್ಲ. ಇಬ್ಬರು ನೋಡಿರ್ಬೇಕು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳ್ತೀನಿ. ಇಬ್ಬರ ಮಾತೂ ಹೊಂದಿದ್ರೆ ಮಾತ್ರ ಹಲಗೆ ಮೇಲೆ. ಇಲ್ದಿದ್ರೆ ಬಂದೋರೆಲ್ಲ ಹುಲಿ ನೋಡಿರ್ತಾರೆ."

ತಿಮ್ಮೇಶ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿ, "ನಿಮ್ಮನ್ನ ನೋಡೇ ಈ ಕಾನೂನು ಮಾಡವ್ರೆ ಭಾವ," ಎಂದ.

ಹೊಳೆಯ ಅಂಚಿನಲ್ಲಿ ಬಿದಿರಿನ ತಡಿಕೆ ಕಟ್ಟಿ ಒಂದು ಮರೆ ಮಾಡಿದ್ದರು. ಒಳಗೆ ಉದ್ದನೆಯ ಹಲಗೆ, ಮುಂದೆ ಕೈಯಗಲದ ಕಿಂಡಿಗಳು. ಕಲ್ಲೇಶ್ ನಮ್ಮನ್ನು ಕೂರಿಸಿ, "ಅಲ್ಲಾಡಬೇಡಿ, ಮಾತಾಡಬೇಡಿ. ಬಂದ್ರೆ ಬಂತು. ಎರಡು ವರ್ಷದಲ್ಲಿ ನಾನು ನೋಡಿರೋದು ಐದೇ ಸಲ. ಆರು ಗಂಟೆಗೆ ಗೇಟು ಹಾಕ್ತೀನಿ," ಎಂದು ಹೇಳಿ ಹೊಸದಾಗಿ ಬಂದವರನ್ನು ನೋಡಲು ಗೇಟಿಗೆ ವಾಪಸು ಹೋದ. ಆಗ ನಾಲ್ಕು ಗಂಟೆ.

ಸುಮ್ಮನೆ ಕೂರುವುದು ಎಂಥ ಶಿಕ್ಷೆಯೆಂದು ನಿಮಗೆ ಗೊತ್ತಿಲ್ಲ. ಇನ್ನೂರು ಅಡಿಯ ಮರವನ್ನು ಹಗ್ಗವಿಲ್ಲದೆ ಹತ್ತು ಎನ್ನಿ, ಹತ್ತುತ್ತೇನೆ. ಒಂದೇ ದಿನದಲ್ಲಿ ಎಂಟು ಸಾವಿರ ಕಾಯಿ ಸುಲಿ ಎನ್ನಿ, ಸುಲಿದು ಸಂಜೆಗೆ ಕಬಡ್ಡಿ ಆಡುತ್ತೇನೆ. ಬಾಯಿ ಮುಚ್ಚಿ ಕೂರು ಎಂದರೆ ಮೈಯ ಒಂದೊಂದು ಮೂಳೆಯೂ ಎದ್ದು ನಿಂತು ಜಗಳಕ್ಕೆ ಬರುತ್ತದೆ. ಮೊದಲು ಬಲ ಮಂಡಿ ಕಡಿಯಿತು. ಅದನ್ನು ಕೆರೆದರೆ ಎಡ ಕಿವಿ. ಕಿವಿಯನ್ನು ಸಮಾಧಾನ ಮಾಡಿದರೆ ಬೆನ್ನಿನ ಮಧ್ಯೆ, ಕೈ ಎಟುಕದ ಜಾಗದಲ್ಲಿ. ಒಂದು ಕಿಂಡಿ ಬಿಟ್ಟು ಇನ್ನೊಂದಕ್ಕೆ ಸರಿದೆ. ಅಲ್ಲಿಂದ ಮೊದಲಿನದಕ್ಕೇ ಬಂದೆ. ಹೊಳೆ ಮಾತ್ರ ತನ್ನ ಪಾಡಿಗೆ ಎಡದಿಂದ ಬಲಕ್ಕೆ ಹರಿಯುತ್ತಿತ್ತು.

ಅವ್ವ ಚೀಲ ತೊಡೆಯ ಮೇಲಿಟ್ಟುಕೊಂಡು ತೂಕಡಿಸಿದಳು. ಧನಲಕ್ಷ್ಮಿ ಸೀರೆಯೊಳಗೆ ಹೊಕ್ಕ ಇರುವೆಯನ್ನು ಹುಡುಕುತ್ತ ಬಗ್ಗಿದವಳು ಮತ್ತೆ ಮೇಲೇಳಲೇ ಇಲ್ಲ. ತಿಮ್ಮೇಶನ ಕೈ ನಿಮಿಷಕ್ಕೊಂದು ಸಲ ಖಾಲಿ ಜೇಬಿಗೆ ಹೋಗಿ ಬರುತ್ತಿತ್ತು. ತನುಶ್ರೀ ಒಬ್ಬಳೇ ಕಿಂಡಿಗೆ ಹಣೆ ಹಚ್ಚಿ, ಕಲ್ಲಿನಲ್ಲಿ ಕಡೆದ ಹಾಗೆ ಕೂತಿದ್ದಳು. ನಾನು ಅಲ್ಲಾಡಿದಾಗಲೆಲ್ಲ ಹಲಗೆ ಕಿರ್ರೆನ್ನುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ, ಕಣ್ಣು ಒಂದು ಸಲ ಮುಚ್ಚಿ ತೆರೆಯುತ್ತಿದ್ದಳು.

ಐದಾಯಿತು. ಮಿಂಚುಳ್ಳಿ ಬಂತು, ಹೋಯಿತು. ಒಂದು ಆಮೆ ಕಲ್ಲೇರಿ ಕುತ್ತಿಗೆ ಚಾಚಿ ನನ್ನನ್ನೇ ನೋಡಿತು. ಐದೂಕಾಲಾಯಿತು. ಬಿಸಿಲು ಹೊಳೆಯ ಆಚೆ ದಡಕ್ಕೆ ಏರಿತು. ಬರಬಾರದೇ, ಒಂದೇ ಒಂದು, ಮುದಿಯಾದರೂ ಸರಿ, ಕುಂಟಾದರೂ ಸರಿ ಎಂದು ನನ್ನೊಳಗೆ ನಾನೇ ಚೌಕಾಶಿಗಿಳಿದಿದ್ದೆ.

ಆಗ ತಿಮ್ಮೇಶ ನನ್ನ ತೋಳು ಹಿಡಿದು, "ಭಾವ, ಕಾಯಿ!" ಎಂದ.

ನೋಡಿದೆ. ನೀರಿನ ನಡುವೆ ಒಂದು ಕಾಯಿ ತೇಲುತ್ತಿತ್ತು. ಕಂದುಬಣ್ಣದ, ದುಂಡನೆಯ, ಸುಲಿದ ಕಾಯಿ. ಮೈಮೇಲೆ ಒದ್ದೆ ನಾರು, ಒಂದು ಕಡೆ ಒಂದಿಷ್ಟು ಜುಟ್ಟು. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಒಂದು ಚಟವಿದೆ. ಬಿದ್ದ ಕಾಯಿ ಕಣ್ಣಿಗೆ ಬಿದ್ದರೆ ಅದು ಯಾರದೇ ಇರಲಿ, ಮದುವೆ ಮನೆಯಿರಲಿ, ಮಸಣವಿರಲಿ, ಎತ್ತಬೇಕು, ಕಿವಿಗೆ ಹಿಡಿದು ಅಲ್ಲಾಡಿಸಬೇಕು, ಆಮೇಲೆ ಇದ್ದಲ್ಲಿ ಇಡಬೇಕು. ಎತ್ತದೆ ಹೋದರೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಒಂದೂವರೆ ಗಂಟೆ ಅದುಮಿಟ್ಟ ನನ್ನ ಮೈಯೆಲ್ಲ ಒಮ್ಮೆಗೇ ಎದ್ದು ನಿಂತಿತು.

"ಹನ್ನೊಂದು ತಿಂಗಳ ಕಾಯಿ ಕಣ್ಲಾ! ಒಳಗೆ ನೀರಿಲ್ಲ, ಅದ್ಕೇ ಅಷ್ಟು ಹಗುರಾಗಿ ತೇಲ್ತಾ ಐತೆ. ಕೋಲು ಕೊಡ್ಲಾ, ಕೋಲು! ಹೊಂಟೋಗ್ತದೆ!"

"ನಿಮ್ಮವ್ವನೇ ಬುಟ್ಟವ್ರೆ ಭಾವ, ನಾನು ಆಗ್ಲೇ ಅಂದ್ಕೊಂಡೆ!"

ತನುಶ್ರೀ ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. "ಅಪ್ಪಾ, ಶ್! ಅಪ್ಪಾ!" ಅವಳಿಗೂ ಕಾಯಿ ಬೇಕೇನೋ ಎಂದುಕೊಂಡು ನಾನು ಕಿಂಡಿಯಿಂದ ಭುಜದವರೆಗೂ ಕೈ ತೂರಿಸಿ, "ಇರವ್ವ, ತತ್ತೀನಿ!" ಎಂದು ಕಿರುಚಿದೆ.

ಕಾಯಿ ನಿಂತಿತು. ಒಂದು ಗಳಿಗೆ ನೀರಿನಲ್ಲಿ ನಿಂತಲ್ಲೇ ನಿಂತಿತು. ಆಮೇಲೆ ಮುಳುಗಿತು. ಒಂದಿಷ್ಟೂ ಸದ್ದಿಲ್ಲ. ಅದು ಮುಳುಗಿದಲ್ಲಿಂದ ಸಣ್ಣ ಗುಳ್ಳೆಗಳ ಒಂದು ಸಾಲು ಹೊಳೆಯ ಮೇಲ್ಭಾಗಕ್ಕೆ ಹೋಗಿ, ಜೊಂಡಿನ ಹತ್ತಿರ ಇಲ್ಲವಾಯಿತು.

"ಮುಳುಗೋಯ್ತು," ಎಂದ ತಿಮ್ಮೇಶ. "ಕೊಳ್ತಿದ್ದ ಕಾಯಿ. ಒಳಗೆ ನೀರು ನುಗ್ಗೈತೆ."

"ಕೊಳ್ತ ಕಾಯಿ ಮುಳುಗಲ್ಲ ಕಣ್ಲಾ, ಮಗ್ಗುಲಾಗಿ ತೇಲ್ತದೆ. ಮುಳುಗೋದು ಎಳೇ ಕಾಯಿ."

"ಈಗ ತಾನೇ ಹನ್ನೊಂದು ತಿಂಗಳು ಅಂದ್ರಿ!"

ಗದ್ದಲಕ್ಕೆ ಅವ್ವ ಎಚ್ಚರಗೊಂಡಳು. ತಿಮ್ಮೇಶ, "ಅತ್ತೆ, ಕಾಯಿ ಬುಟ್ರಾ ಹೊಳೆಗೆ?" ಎಂದು ಕೇಳಿದ್ದಕ್ಕೆ ಅವಳು ಚೀಲದ ಬಾಯಿ ಬಿಚ್ಚಿ ತೋರಿಸಿದಳು. ಕಾಯಿ ಅಲ್ಲೇ ಇತ್ತು, ಬಳೆಗಳ ಮಧ್ಯೆ, ಜುಟ್ಟು ಸಮೇತ.

"ಅದು ಕಾಯಲ್ಲ," ಎಂದಳು ತನುಶ್ರೀ.

ಅವಳ ದನಿ ಸಣ್ಣಗಿತ್ತು, ಆದರೆ ನಾವಿಬ್ಬರೂ ಬಾಯಿ ಮುಚ್ಚಿದೆವು.

"ನೀರು ಯಾವ ಕಡೆ ಹೋಗ್ತಾ ಐತೆ ನೋಡು ಮಾವ. ಆ ಕಡೆ. ಅದು ಬಂದಿದ್ದೂ ಆ ಕಡೆಯಿಂದ್ಲೇ. ಕಾಯಿ ಎದುರು ನೀರಲ್ಲಿ ಈಜ್ಕೊಂಡು ಬರ್ತದಾ?"

ನಾನು ಹೊಳೆಯನ್ನು ನೋಡಿದೆ. ಹೊಂಗೆಯ ಎಲೆಗಳು ಎಡದಿಂದ ಬಲಕ್ಕೆ ಹೋಗುತ್ತಿದ್ದವು. ಕಾಯಿ ಬಲದಿಂದ ಎಡಕ್ಕೆ ಬಂದಿತ್ತು. ನನ್ನ ಕೈ ಇನ್ನೂ ಕಿಂಡಿಯ ಆಚೆಯೇ ಇತ್ತು. ಅದನ್ನು ಒಳಗೆ ಎಳೆದುಕೊಳ್ಳುವುದಕ್ಕೂ ನಾಚಿಕೆಯಾಯಿತು. ಮೂರು ತಾಲ್ಲೂಕಿಗೆ ಕಾಯಿಯ ಜಾತಕ ಹೇಳುವ ನಾನು ನೀರುನಾಯಿಯ ತಲೆಗೆ ತಿಂಗಳು ಲೆಕ್ಕ ಹಾಕಿದ್ದೆ. ಮೂರು ವಾರ ನಿದ್ದೆಗೆಟ್ಟು ಯಾವುದನ್ನು ತೋರಿಸಲು ಮಗಳನ್ನು ಕರೆತಂದೆನೋ ಅದನ್ನು ನಾನೇ ಕಿರುಚಿ ಓಡಿಸಿದ್ದೆ.

"ಅದು ಕಣ್ಣು ಮಿಟುಕಿಸ್ತು," ಎಂದಳು ತನುಶ್ರೀ. ಇನ್ನೊಂದು ಮಾತು ಆಡದೆ ಕಲ್ಲೇಶನ ಕೊಠಡಿಯ ಕಡೆ ಓಡಿದಳು.

ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಕಲ್ಲೇಶ್ ಅವಳ ಮಾತನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡು ಪುಟ ಮಡಚಿದ್ದ. "ಜೊತೆಗೆ ನೋಡಿದೋರು ಯಾರು?" ಎಂದ.

ಅವ್ವ ನಿದ್ದೆಯಲ್ಲಿದ್ದಳು. ಧನಲಕ್ಷ್ಮಿ ಇರುವೆಯ ಜೊತೆಗಿದ್ದಳು. ಎಲ್ಲರೂ ತಿಮ್ಮೇಶನನ್ನು ನೋಡಿದೆವು.

"ನಾನು ನೋಡಿದ್ದು ಕಾಯಿ. ಕಾಯಿ ಅಂದ್ರೆ ಕಾಯಿ. ಬೇಕಾದ್ರೆ ಕಾಯಿ ಅಂತ ಬರ್ಕೊಳ್ಳಿ, ಸೈನ್ ಹಾಕ್ತೀನಿ," ಎಂದ ಅವನು, ಪೆಟ್ಟಿಗೆಯಲ್ಲಿದ್ದ ತನ್ನ ಫೋನಿನ ಮೇಲೆ ಕಣ್ಣಿಟ್ಟು.

"ಹಂಗಾದ್ರೆ ನಾನು," ಎಂದು ಮುಂದೆ ಬಂದೆ.

"ಅಪ್ಪ ಬೇಡ," ಎಂದಳು ತನುಶ್ರೀ.

ಅವಳು ನನ್ನ ಮುಖ ನೋಡದೆ ಕಲ್ಲೇಶನಿಗೆ ಹೇಳಿದಳು. "ಅಪ್ಪ ಹೆಚ್ಚಿಗೆ ಹೇಳ್ತಾರೆ ಅಣ್ಣ. ನಂದು ಹೊಂದಲ್ಲ. ನಂದೂ ಹೊಡೆದುಹಾಕ್ತೀರ."

"ಬೇರೆ ಯಾರೂ ಇಲ್ವಲ್ಲ ಪುಟ್ಟ," ಎಂದ ಕಲ್ಲೇಶ್. "ಆರಕ್ಕೆ ಹತ್ತು ನಿಮಿಷ ಐತೆ. ಏನ್ ಮಾಡಾನ ಹೇಳು."

ಅವಳು ಹಲಗೆಯ ಮೇಲಿನ ಸೊನ್ನೆಯನ್ನು ನೋಡಿದಳು. ಆಮೇಲೆ ನನ್ನನ್ನು ದಾಟಿ ಹೊರಗೆ ಹೋದಳು. ದಾಟುವಾಗ ಅವಳ ಕೈ ನನ್ನ ಕೈಗೆ ತಾಗಿತೋ, ನಾನೇ ತಾಗಿಸಿದೆನೋ ಗೊತ್ತಿಲ್ಲ. ಉಳಿದವರನ್ನೂ ಆಚೆ ಕಳಿಸಿ ಕಲ್ಲೇಶ್ ಬಾಗಿಲು ಅರ್ಧ ಹಾಕಿದ.

"ಎಷ್ಟು ಕಂಡ್ವು ಸಾರ್?"

ಈಗ ಕೇಳಿ. ನನ್ನ ನಾಲಿಗೆಯ ತುದಿಯಲ್ಲಿ ಮೂರು ನಿಂತಿತ್ತು. ಮೂರರ ಬೆನ್ನಿಗೆ ಏಳು ನಿಂತು ತಳ್ಳುತ್ತಿತ್ತು. ಹಿಂದೆ ಎಲ್ಲೋ ಹದಿನಾಲ್ಕು, ಮರಿಗಳನ್ನೂ ಕಟ್ಟಿಕೊಂಡು, ಸಾಲಾಗಿ ಬಾಗಿಲಿಗೆ ಬರುತ್ತಿತ್ತು. ಕಿಟಕಿಯಾಚೆ ತನುಶ್ರೀ ನಮಗೆ ಬೆನ್ನು ಹಾಕಿ ನಿಂತು ಚಪ್ಪಲಿಯಲ್ಲಿ ಮಣ್ಣಿನ ಮೇಲೆ ಗೀರು ಎಳೆಯುತ್ತಿದ್ದಳು. ಒಂದು ಗೀರು. ಅದರ ಮೇಲೇ ಮತ್ತೆ ಅದೇ ಗೀರು.

"ಒಂದು," ಎಂದೆ.

"ಎಷ್ಟು ದೊಡ್ಡದು?"

"ಸುಲಿದ ಕಾಯಿಯಷ್ಟು ತಲೆ. ಮೈ ಕಾಣ್ಲಿಲ್ಲ."

"ಯಾವ ಕಡೆಯಿಂದ ಬಂತು?"

"ಕೆಳಗಿಂದ. ನೀರಿಗೆ ಎದುರಾಗಿ. ಅದು ಆಗ ಗೊತ್ತಾಗ್ಲಿಲ್ಲ, ಮಗಳು ಹೇಳಿದ್ಮೇಲೆ ಗೊತ್ತಾಯ್ತು."

ಕಲ್ಲೇಶ್ ಪೆನ್ನು ಎತ್ತಿ ನನ್ನನ್ನು ನೋಡಿದ. "ಮೊದ್ಲು ನೋಡಿದಾಗ ಏನು ಅಂದ್ಕೊಂಡ್ರಿ?"

"ಕಾಯಿ ಅಂದ್ಕೊಂಡೆ."

"ಕಾಯಾ?"

"ಕಾಯಿ ಕಣಪ್ಪ. ಹನ್ನೊಂದು ತಿಂಗಳದ್ದು ಅಂತನೂ ಹೇಳ್ದೆ. ಎಳ್ಕಳಕ್ಕೆ ಕೋಲು ಕೇಳ್ದೆ. ನಾನು ಕಿರುಚಿದ್ದಕ್ಕೇ ಮುಳುಗಿದ್ದು ಅದು. ಸದ್ದು ಬರ್ಲಿಲ್ಲ. ಗುಳ್ಳೆ ಜೊಂಡಿನ ಕಡೆ ಹೋದ್ವು. ಅಷ್ಟೇ."

ಅಷ್ಟೇ ಎಂಬ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಆಗಲೇ ಮೊದಲು. ಮೈ ಹಗುರಾಯಿತು ಎನ್ನಲಾರೆ. ಪೇಟ, ಪಂಚೆ, ಅಂಗಿ ಎಲ್ಲ ಕಳಚಿಟ್ಟು ಸಂತೆಯ ಮಧ್ಯೆ ನಿಂತವನ ಹಾಗಿತ್ತು.

ಕಲ್ಲೇಶ್ ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದ. ಅವನು ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ.

"ಎಲ್ಲಾ ಹೊಂದ್ತದೆ ಸಾರ್. ಒಂದೇ ಒಂದು ಬಿಟ್ಟು. ಯಾಕೆ ಮುಳುಗ್ತು ಅಂತ ಕೇಳಿದ್ದಕ್ಕೆ ಪಾಪು ಗೊತ್ತಿಲ್ಲ ಅಂದ್ಲು. ನೀವು ಕಿರುಚಿದ್ದನ್ನ ಹೇಳೇ ಇಲ್ಲ."

ನಾನು ಮೇಜಿನ ಮೇಲಿದ್ದ ಸುಣ್ಣದ ಹೆಜ್ಜೆಯನ್ನೇ ನೋಡುತ್ತ ಕೂತೆ.

"ಇಲ್ಲಿಗೆ ಬಂದೋರೆಲ್ಲ ನೀರುನಾಯಿ ನೋಡ್ದೆ ಅಂತಾರೆ," ಎಂದ ಕಲ್ಲೇಶ್, ಸೀಮೆಸುಣ್ಣ ಹುಡುಕುತ್ತ. "ಕಾಯಿ ಅಂದ್ಕೊಂಡೆ ಅಂದೋರು ನೀವೇ ಮೊದ್ಲು. ಮೊದ್ಲ ಸಲ ನಾನೂ ಹಂಗೇ ಅಂದ್ಕೊಂಡಿದ್ದೆ ಸಾರ್. ಯಾರಿಗೂ ಹೇಳಿಲ್ಲ."

ಅವನು ಸೊನ್ನೆಯನ್ನು ಒರೆಸಿ ಒಂದು ಎಂದು ಬರೆದ. ಪಕ್ಕದಲ್ಲಿ, ನೋಡಿದವರು ತನುಶ್ರೀ, ಐದನೇ ತರಗತಿ. ಅದರ ಕೆಳಗೆ ಸಣ್ಣದಾಗಿ ನನ್ನ ಹೆಸರು. ಎಲ್ಲರೂ ಒಳಗೆ ಬಂದರು. ತನುಶ್ರೀ ಹಲಗೆಯನ್ನು ನೋಡಿದಳು, ಮಡಚಿದ್ದ ಪುಸ್ತಕವನ್ನು ನೋಡಿದಳು. ಕಲ್ಲೇಶ್ ಪುಟ ಬಿಡಿಸಿ ತೋರಿಸಿದ. ನಾನು ಹೇಳಿದ್ದನ್ನು ಅವಳು ತುಟಿಯಲ್ಲೇ ಓದಿಕೊಂಡಳು. ಒಂದು. ಕಾಯಿಯಷ್ಟು. ಕಾಯಿ ಅಂದುಕೊಂಡೆ. ಕಿರುಚಿದೆ.

ತಿಮ್ಮೇಶನೂ ಇಣುಕಿ ಓದಿ, "ಭಾವ, ಇದನ್ನ ಫೋಟೋ ಹೊಡ್ಕೋಬೇಕು. ಎಲ್ಲಿ ನನ್ನ ಫೋನು?" ಎಂದು ಪೆಟ್ಟಿಗೆಯ ಕಡೆ ಧಾವಿಸಿದ.

ಅವ್ವನಿಗೆ ಧನಲಕ್ಷ್ಮಿ ನಡೆದದ್ದನ್ನು ಬಿಡಿಸಿ ಹೇಳಿದಳು. ಅವ್ವ ಎಲ್ಲ ಕೇಳಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಇದೇನು ಹೊಸದಾ?" ಎಂದಳು. "ಅವತ್ತೂ ಇಂಗೇ ಅಲ್ವಾ ಮಾಡಿದ್ದು ಇವ್ನು."

"ಯಾವತ್ತು ಅಜ್ಜಿ?" ತನುಶ್ರೀ ಗಕ್ಕನೆ ತಿರುಗಿದಳು.

"ಚಿಕ್ಕೋನಿದ್ದಾಗ ಕಣವ್ವ. ನಾನು ತವರಲ್ಲಿ ರೊಟ್ಟಿ ತಟ್ತಾ ಕೂತಿದ್ದೆ. ಒದ್ದೆ ಚಡ್ಡೀಲಿ ನಡುಗ್ತಾ ಓಡ್ಬಂದು ನನ್ನ ಮಡ್ಲಿಗೆ ಬಿದ್ದ. ಅವ್ವಾ, ಕಾಯಿ ಅಂತ ಹಿಡಿಯಕ್ಕೋದೆ, ಕಾಯಿ ಕಣ್ಣು ಬುಡ್ತು ಕಣವ್ವಾ, ಅಂದ. ಎರಡು ದಿನ ಜ್ವರ. ನಿಮ್ಮಜ್ಜ ನಕ್ಕು ನಕ್ಕು, ಅದು ನೀರುನಾಯಿ ಕಣ್ಲಾ ಪೆದ್ದ, ಅಂತ ಹೇಳಿದ್ಮೇಲೇ ಇವ್ನಿಗೆ ಅದರ ಹೆಸ್ರು ಗೊತ್ತಾಗಿದ್ದು."

ಹೌದು. ಹದಿನಾಲ್ಕರ ಕೆಳಗೆ, ಐದರ ಕೆಳಗೆ, ಎರಡರ ಕೆಳಗೆ, ಅದು ಅಲ್ಲಿಯೇ ಇತ್ತು. ಮೊಣಕಾಲುದ್ದದ ನೀರು, ಚಾಚಿದ ನನ್ನ ಕೈ, ಒಂದು ಮೊಳ ದೂರದಲ್ಲಿ ಒದ್ದೆ ನಾರಿನ ಕಾಯಿ. ಆ ಕಾಯಿಯಲ್ಲಿ ಎರಡು ಕಪ್ಪು ಕಣ್ಣು ತೆರೆದುಕೊಂಡವು. ಇಷ್ಟು ವರ್ಷ ಹೇಳಿ ಹೇಳಿ ನಾನೇ ಅದನ್ನು ಹೂತುಬಿಟ್ಟಿದ್ದೆ.

"ಎಷ್ಟು ಕಾಯಿ ಅಂದಿದ್ರು ಅಜ್ಜಿ?"

"ಒಂದೇ ಕಣವ್ವ. ಒಂದಕ್ಕೇ ಎರಡು ದಿನ ಜ್ವರ. ಹದಿನಾಲ್ಕು ಬಂದಿದ್ರೆ ನನ್ನ ಮಗ ಉಳೀತಿದ್ನಾ?"

ಗೇಟಿನಾಚೆ ಕಲ್ಲಿನ ಮೇಲೆ ಅವ್ವ ಬಳೆ, ಕುಂಕುಮ ಇಟ್ಟು ಹೊಳೆಯ ದಿಕ್ಕಿಗೆ ಕೈಮುಗಿದಳು. ಒಡೆಯುವುದಕ್ಕೆ ಮುಂಚೆ ಕಾಯಿಯನ್ನು ನನ್ನ ಕೈಗೆ ಕೊಟ್ಟಳು. ಅಭ್ಯಾಸಬಲದಿಂದ ಕಿವಿಯವರೆಗೂ ಒಯ್ದವನು ತಿಮ್ಮೇಶನ ಮುಖ ನೋಡಿ ಹಾಗೇ ವಾಪಸು ಕೊಟ್ಟೆ. ಕಲ್ಲೇಶನಿಗೂ ಎರಡು ಚೂರು ಸಿಕ್ಕಿತು. ಅವನು ಗೇಟಿಗೆ ಬೀಗ ಹಾಕಿದ.

ವ್ಯಾನು ತುರುವೇಕೆರೆಯ ಕಡೆಗೆ ಹೊರಟಿತು. ತಿಮ್ಮೇಶ ಫೋನಿನಲ್ಲಿ ಮುಳುಗಿದ್ದ. ಧನಲಕ್ಷ್ಮಿ ಕೋಡುಬಳೆ ಹಂಚುತ್ತಿದ್ದಳು. ನಾನು ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ರಸ್ತೆಯನ್ನೇ ನೋಡುತ್ತಿದ್ದೆ. ಕನ್ನಡಿಯನ್ನು ನೋಡುವ ಧೈರ್ಯ ಬರಲಿಲ್ಲ. ಬೆರಳುಗಳು ಸುಮ್ಮನಿರಲಾರದೆ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದವು. ಎರಡು ಊರು ದಾಟಿದ ಮೇಲೆ ನನ್ನ ಸೀಟಿನ ಹಿಂಬದಿಗೆ ಎರಡು ಪುಟ್ಟ ಕೈಗಳು ಬಂದು ಹಿಡಿದವು.

"ಅಪ್ಪಾ."

"ಊಂ."

"ಕಾಯಿ ಕಣ್ಣು ಬಿಡ್ತಲ್ಲ. ಆಮೇಲೆ?"

ಗೇರು ಬದಲಿಸಲು ಹೋದ ಕೈ ಎಲ್ಲಿ ಹೋಗಬೇಕೆಂದು ಮರೆಯಿತು.

"ಆಮೇಲೆ ಓಡ್ದೆ."

"ಎಷ್ಟು ದೂರ?"

"ಅರ್ಧ ಮೈಲಿ," ಎಂದೆ. ಅದು ಅರ್ಧ ಮೈಲಿಯೇ. ಬೇಕಾದರೆ ಅಳೆದು ನೋಡಿ.

ಅವಳು ಕಾಯುತ್ತಿದ್ದಳು. ಸೀಟಿನ ಮೇಲೆ ಅವಳ ಬೆರಳು ಟಕ್ ಟಕ್ ಎನ್ನುತ್ತಿತ್ತು. ಕೊನೆಗೆ ನಾನು ಕನ್ನಡಿ ನೋಡಿದೆ. ಅವಳೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು, ತುಟಿ ಕಚ್ಚಿ ಹಿಡಿದು.

"ಮೂರೇ ಹೆಜ್ಜೇಲಿ," ಎಂದೆ.

ಅವಳು ಕಿಸಕ್ಕನೆ ನಕ್ಕು, ಸೀಟಿಗೆ ಒಂದು ಗುದ್ದು ಕೊಟ್ಟಳು.

"ಆಮೇಲೆ?"